ಸೀಳಿದ ಕ್ಯಾಸ್ಪೇಸ್-3 ಪ್ರತಿಕಾಯವನ್ನು ಬಳಸುವ ಬಗೆ: ಸೀಸೆ ಬಂದ ದಿನದಿಂದ ಪಟ್ಟಿ ಓದುವವರೆಗೆ

ತುಮಕೂರಿನ ಆಸುಪಾಸಿನಲ್ಲಿ ಜೀವರಸಾಯನಶಾಸ್ತ್ರವನ್ನೋ ಜೈವಿಕ ತಂತ್ರಜ್ಞಾನವನ್ನೋ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ದೇವರಾಯನದುರ್ಗದಿಂದಲೋ ಸಿದ್ಧರಬೆಟ್ಟದಿಂದಲೋ ತಂದ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಮೆಥನಾಲಿನಲ್ಲಿ ಸಾರ ತೆಗೆದು, ಕ್ಯಾನ್ಸರ್ ಜೀವಕೋಶಗಳಿಗೆ ಹಾಕಿ, ಎಂಟಿಟಿ ಪರೀಕ್ಷೆಯಲ್ಲಿ ನೇರಳೆ ಬಣ್ಣ ತೆಳುವಾದದ್ದನ್ನು ನೋಡಿ, ‘ಈ ಸಾರವು ಅಪೊಪ್ಟೋಸಿಸ್ ಉಂಟುಮಾಡುತ್ತದೆ’ ಎಂದು ಬರೆದುಬಿಡುತ್ತಾರೆ. ಅಪೊಪ್ಟೋಸಿಸ್ ಎಂದರೆ ಜೀವಕೋಶದ ಯೋಜಿತ ಸಾವು. ಎಂಟಿಟಿ ಅಳೆಯುವುದು ಜೀವಕೋಶದ ಚಯಾಪಚಯ ಚಟುವಟಿಕೆಯನ್ನು. ಕೋಶ ಸತ್ತಿತೋ, ಸುಮ್ಮನೆ ವಿಭಜನೆ ನಿಲ್ಲಿಸಿತೋ, ಸತ್ತಿದ್ದರೆ ಯಾವ ಬಗೆಯ ಸಾವು ಎಂಬುದನ್ನು ಅದು ಹೇಳಲಾರದು. ಆ ವಾಕ್ಯವನ್ನು ಬರೆಯುವ ಹಕ್ಕು ಬರಬೇಕಾದರೆ ಸಾವಿನ ಯಂತ್ರವೇ ಚಾಲನೆಗೊಂಡಿದೆ ಎಂಬುದಕ್ಕೆ ಪುರಾವೆ ಬೇಕು. ಆ ಪುರಾವೆಗಾಗಿ ಹೆಚ್ಚಾಗಿ ಬಳಕೆಯಾಗುವ ಸಾಧನಗಳಲ್ಲಿ ಒಂದು, ಕ್ಯಾಸ್ಪೇಸ್-3 ಎಂಬ ಕಿಣ್ವದ ಸೀಳಿದ ರೂಪವನ್ನು ಗುರುತಿಸುವ ಪ್ರತಿಕಾಯ, ಅಂದರೆ ಆ ಪ್ರೋಟೀನಿಗೇ ಹೋಗಿ ಅಂಟಿಕೊಳ್ಳುವ ಆಂಟಿಬಾಡಿ. ವೆಸ್ಟರ್ನ್ ಬ್ಲಾಟ್ ಎಂದರೆ ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಪೊರೆಯೊಂದಕ್ಕೆ ವರ್ಗಾಯಿಸಿ, ಪ್ರತಿಕಾಯದಿಂದ ಪಟ್ಟಿಯಾಗಿ ಗುರುತಿಸುವ ವಿಧಾನ. ಅದರಲ್ಲಿ ಈ ಪ್ರತಿಕಾಯವನ್ನು ಬಳಸುವ ಕ್ರಮವನ್ನು, ನಮ್ಮಂಥ ಸಣ್ಣ ಊರಿನ ಪ್ರಯೋಗಾಲಯದ ಇತಿಮಿತಿಗಳನ್ನು ಗಮನದಲ್ಲಿಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ.

ಪ್ರತಿಕಾಯ ಏನನ್ನು ನೋಡುತ್ತದೆ

ಅಪೊಪ್ಟೋಸಿಸ್ ಎಂಬ ಹೆಸರನ್ನು ಕೆರ್, ವೈಲಿ ಮತ್ತು ಕರಿ 1972ರಲ್ಲಿ ಬಳಕೆಗೆ ತಂದರು. ದುಂಡುಹುಳುವೊಂದರಲ್ಲಿ ಕೋಶಮರಣಕ್ಕೆ ಕಾರಣವಾಗುವ ಸೆಡ್-3 ಎಂಬ ವಂಶವಾಹಿಯನ್ನು ರಾಬರ್ಟ್ ಹಾರ್ವಿಟ್ಜ್ ಅವರ ಬಳಗ ಗುರುತಿಸಿತು. 2002ರ ನೊಬೆಲ್ ಪುರಸ್ಕಾರವನ್ನು ಸಿಡ್ನಿ ಬ್ರೆನ್ನರ್ ಮತ್ತು ಜಾನ್ ಸಲ್‌ಸ್ಟನ್ ಅವರೊಂದಿಗೆ ಹಾರ್ವಿಟ್ಜ್ ಹಂಚಿಕೊಂಡದ್ದು ಈ ದಾರಿಯ ಕೆಲಸಕ್ಕಾಗಿಯೇ. ಮನುಷ್ಯರಲ್ಲಿ ಅದೇ ಕುಟುಂಬಕ್ಕೆ ಸೇರಿದ, ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳೇ ಕ್ಯಾಸ್ಪೇಸ್‌ಗಳು.

ಕ್ಯಾಸ್ಪೇಸ್-3 ಆರೋಗ್ಯವಂತ ಕೋಶದಲ್ಲಿಯೂ ಇರುತ್ತದೆ, ಆದರೆ ನಿಷ್ಕ್ರಿಯವಾಗಿ. 277 ಅಮೈನೋ ಆಮ್ಲಗಳ ಈ ಪ್ರೋಟೀನು ಬ್ಲಾಟ್‌ನಲ್ಲಿ ಸುಮಾರು 35 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಜಾಗದಲ್ಲಿ ನಿಲ್ಲುತ್ತದೆ. ಸಾವಿನ ಸಂದೇಶ ಬಂದಾಗ ಕ್ಯಾಸ್ಪೇಸ್-8 ಅಥವಾ ಕ್ಯಾಸ್ಪೇಸ್-9 ಇದನ್ನು 175ನೆಯ ಸ್ಥಾನದಲ್ಲಿರುವ ಆಸ್ಪಾರ್ಟಿಕ್ ಆಮ್ಲದ ಬಳಿ ಸೀಳುತ್ತದೆ. ಆಗ ಒಂದು ದೊಡ್ಡ ತುಂಡು, 12 ಕಿಲೋಡಾಲ್ಟನ್ನಿನ ಒಂದು ಸಣ್ಣ ತುಂಡು ಉಂಟಾಗುತ್ತವೆ. ದೊಡ್ಡ ತುಂಡಿನ ಮುಂಭಾಗದ ಚೂರು ಇನ್ನೂ ಅಂಟಿಕೊಂಡಿದ್ದರೆ ಅದು 19ರ ಆಸುಪಾಸಿನಲ್ಲಿಯೂ, ಆ ಚೂರು ಪೂರ್ತಿ ಕಳಚಿದ ಮೇಲೆ 17ರಲ್ಲಿಯೂ ಕಾಣಿಸುತ್ತದೆ. ಎರಡು ದೊಡ್ಡ ತುಂಡು, ಎರಡು ಸಣ್ಣ ತುಂಡು ಸೇರಿ ಸಕ್ರಿಯ ಕಿಣ್ವವಾಗುತ್ತದೆ.

ಸೀಳಿದ ರೂಪಕ್ಕೆಂದೇ ತಯಾರಿಸಿದ ಪ್ರತಿಕಾಯ 175ನೆಯ ಸ್ಥಾನದಲ್ಲಿ ಹೊಸದಾಗಿ ತೆರೆದುಕೊಂಡ ತುದಿಯನ್ನು ಹಿಡಿಯುತ್ತದೆ. ಆದ್ದರಿಂದ ಅದು 17 ಮತ್ತು 19ರ ತುಂಡುಗಳನ್ನು ತೋರಿಸುತ್ತದೆ, 35ರದ್ದನ್ನಾಗಲಿ 12ರದ್ದನ್ನಾಗಲಿ ತೋರಿಸುವುದಿಲ್ಲ. ‘ಒಟ್ಟು ಕ್ಯಾಸ್ಪೇಸ್-3’ ಪ್ರತಿಕಾಯ ಪೂರ್ಣ ರೂಪವನ್ನು ಹಿಡಿಯುತ್ತದೆ, ಕೆಲವು ತಯಾರಿಕೆಗಳು ಸೀಳಿದ ತುಂಡನ್ನೂ ಹಿಡಿಯುತ್ತವೆ. ಕೊಳ್ಳುವ ಮುನ್ನ ಈ ವ್ಯತ್ಯಾಸವನ್ನು ಮಾಹಿತಿಪತ್ರದಲ್ಲಿ ಓದಿಕೊಳ್ಳಿ. ಯಾವ ಪ್ರಾಣಿಯಲ್ಲಿ ತಯಾರಾದದ್ದು, ಮಾನೋಕ್ಲೋನಲ್ಲೋ (ಒಂದೇ ಬಗೆಯ ಪ್ರತಿಕಾಯ) ಪಾಲಿಕ್ಲೋನಲ್ಲೋ (ಹಲವು ಬಗೆಗಳ ಮಿಶ್ರಣ), ಯಾವ ಪ್ರಾಣಿಯ ಸ್ಯಾಂಪಲ್ಲಿನಲ್ಲಿ ಪರೀಕ್ಷಿಸಿದ್ದಾರೆ, ಬ್ಲಾಟ್‌ಗೆ ಒಪ್ಪುತ್ತದೋ ಅಂಗಾಂಶದ ಸ್ಲೈಡಿಗೆ ಮಾತ್ರವೋ ಎಂಬುದೆಲ್ಲ ಅಲ್ಲಿಯೇ ಇರುತ್ತದೆ. ಎರಡು ಪ್ರತಿಕಾಯ ಕೊಳ್ಳುವಷ್ಟು ಅನುದಾನವಿದ್ದರೆ ನಾನಾದರೆ ಸೀಳಿದ ಕ್ಯಾಸ್ಪೇಸ್-3ರ ಮೊಲದ ಮಾನೋಕ್ಲೋನಲ್ ಒಂದನ್ನೂ, ಪಾರ್ಪ್ ಪ್ರೋಟೀನಿನ ಪ್ರತಿಕಾಯ ಒಂದನ್ನೂ ತರಿಸುತ್ತೇನೆ. 116 ಕಿಲೋಡಾಲ್ಟನ್ನಿನ ಪಾರ್ಪ್ ಅನ್ನು ಸಕ್ರಿಯ ಕ್ಯಾಸ್ಪೇಸ್ ಕತ್ತರಿಸಿದಾಗ 89ರ ತುಂಡು ಉಳಿಯುತ್ತದೆ. ಅಂದರೆ ಕಿಣ್ವ ಸೀಳಿಕೊಂಡದ್ದಕ್ಕೆ ಒಂದು ಸಾಕ್ಷಿ, ಅದು ಕೆಲಸ ಮಾಡಿದ್ದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ.

ಇಲ್ಲೊಂದು ಅಡ್ಡಮಾತು. ಶಿಡ್ಲಘಟ್ಟದ ಕಡೆಯ ವಿದ್ಯಾರ್ಥಿಯೊಬ್ಬ ಇದೇ ಪ್ರತಿಕಾಯವನ್ನು ರೇಷ್ಮೆಹುಳುವಿನ ಮೇಲೆ ಬಳಸಬಹುದೇ ಎಂದು ಕೇಳಿದ್ದ. ಪ್ರಶ್ನೆ ಚೆನ್ನಾಗಿತ್ತು, ಏಕೆಂದರೆ ಹುಳು ಗೂಡು ಕಟ್ಟಿ ಕೋಶಾವಸ್ಥೆಗೆ ಹೋದಾಗ ಅದರ ರೇಷ್ಮೆ ಗ್ರಂಥಿ ಯೋಜಿತ ಕೋಶಮರಣದಿಂದಲೇ ಕರಗಿಹೋಗುತ್ತದೆ. ಆದರೆ ಮನುಷ್ಯನ ಪ್ರೋಟೀನಿಗೆ ತಯಾರಾದ ಪ್ರತಿಕಾಯ ಕೀಟದಲ್ಲಿ ಏನನ್ನು ಹಿಡಿಯುತ್ತದೆ ಎಂಬುದು ಬೇರೆಯೇ ವಿಚಾರ. ಹಣ್ಣಿನ ನೊಣದಲ್ಲಿ ಇಂಥ ಪ್ರತಿಕಾಯ ತೋರಿಸುವುದು ನಾವು ಊಹಿಸುವ ಕೊನೆಯ ಹಂತದ ಕ್ಯಾಸ್ಪೇಸನ್ನಷ್ಟೇ ಅಲ್ಲ, ಅದಕ್ಕೂ ಮೇಲಿನ ಡ್ರಾಂಕ್ ಎಂಬ ಕ್ಯಾಸ್ಪೇಸಿನ ಚಟುವಟಿಕೆಯನ್ನು ಎಂದು ನಂತರದ ಅಧ್ಯಯನದಲ್ಲಿ ತಿಳಿಯಿತು. ಪಟ್ಟಿ ಬಂದಿತೆಂದರೆ ಹೆಸರಿನಲ್ಲಿರುವ ಪ್ರೋಟೀನೇ ಬಂದಿತೆಂದು ತಿಳಿಯಬಾರದು.

ಸೀಸೆ ಕೈಗೆ ಬಂದಾಗ

ಬೆಂಗಳೂರಿನಿಂದ ತುಮಕೂರಿಗೆ 70 ಕಿಲೋಮೀಟರ್ ಮಾತ್ರ. ಆದರೂ ವಿದೇಶದಿಂದ ಆಮದಾಗಿ ವಾರಗಟ್ಟಲೆ ಕಾದು ಬಂದ ಪ್ರತಿಕಾಯ ಹಾಳಾಗುವುದು ಹೆಚ್ಚಾಗಿ ಈ ಕೊನೆಯ ದಾರಿಯಲ್ಲಿಯೇ. ಒಮ್ಮೆ ನಮ್ಮ ಪೆಟ್ಟಿಗೆ ಶನಿವಾರ ಮಧ್ಯಾಹ್ನ ಬಂದು, ಸೋಮವಾರ ಬೆಳಿಗ್ಗೆಯವರೆಗೆ ಕಚೇರಿಯ ಮೇಜಿನ ಕೆಳಗೆ ಕುಳಿತಿತ್ತು. ಆದ್ದರಿಂದ ಸೋಮವಾರದಿಂದ ಬುಧವಾರದೊಳಗೆ ತಲುಪುವಂತೆ ಕಳಿಸಿಕೊಡಿ ಎಂದು ಡೀಲರಿಗೆ ಮೊದಲೇ ಬರೆದು ತಿಳಿಸಿರಿ. ಪೆಟ್ಟಿಗೆ ತೆರೆದ ಕೂಡಲೇ ಒಳಗಿನ ಜೆಲ್ ಪ್ಯಾಕ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ದಿನಾಂಕ ಮತ್ತು ಲಾಟ್ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ.

ಸೀಸೆಯಲ್ಲಿರುವುದು ಕೆಲವೇ ಹನಿ. ಮುಚ್ಚಳಕ್ಕೆ ಅಂಟಿದ್ದು ಕೆಳಗಿಳಿಯುವಂತೆ ಅದನ್ನು ಕೆಲವು ಸೆಕೆಂಡು ಸೆಂಟ್ರಿಫ್ಯೂಜ್ ಮಾಡಿದ ಮೇಲೆಯೇ ತೆರೆಯಬೇಕು. ದ್ರಾವಣದಲ್ಲಿ ಶೇಕಡ 50ರಷ್ಟು ಗ್ಲಿಸರಾಲ್ ಇದ್ದರೆ ಅದು ಮೈನಸ್ 20 ಡಿಗ್ರಿಯಲ್ಲಿಯೂ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಸಣ್ಣ ಸಣ್ಣ ಪಾಲು ಮಾಡುವ ಅಗತ್ಯವಿಲ್ಲ. ಗ್ಲಿಸರಾಲ್ ಇಲ್ಲದಿದ್ದರೆ ಒಂದು ಪ್ರಯೋಗಕ್ಕೆ ಸಾಲುವಷ್ಟನ್ನು ಒಂದೊಂದು ಟ್ಯೂಬಿಗೆ ಹಾಕಿ, ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗುವುದನ್ನು ತಪ್ಪಿಸಬೇಕು. ಮನೆಬಳಕೆಯ ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ ಇಡಬೇಡಿ, ಮಂಜು ಕರಗಿಸಲು ಅದು ಆಗಾಗ ತಾನೇ ಬೆಚ್ಚಗಾಗುತ್ತದೆ. ವಿದ್ಯುತ್ ಹೋಗಿ ಬರುವ ಊರಿನಲ್ಲಿ ಫ್ರೀಜರಿನೊಳಗೆ ಒಂದು ಥರ್ಮೋಕೋಲ್ ಡಬ್ಬಿ, ಅದರ ಸುತ್ತ ಗಟ್ಟಿಯಾದ ಜೆಲ್ ಪ್ಯಾಕು, ನಡುವೆ ಸೀಸೆ ಎಂಬ ವ್ಯವಸ್ಥೆ ಜನರೇಟರಿಗಿಂತ ನಂಬಿಕೆಗೆ ಅರ್ಹವಾದದ್ದು.

ಹೋಲಿಕೆಯ ಸ್ಯಾಂಪಲ್ಲುಗಳು

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಪುರಸೊತ್ತಿದ್ದರೆ ಇದನ್ನು ಓದಿ. ನಿಮ್ಮ ಗಿಡದ ಸಾರದ ಮೊದಲ ಬ್ಲಾಟ್ ಮಾಡುವ ಮುನ್ನ, ಖಂಡಿತವಾಗಿ ಪಟ್ಟಿ ಬರಲೇಬೇಕಾದ ಸ್ಯಾಂಪಲ್ಲೊಂದನ್ನೂ ಖಂಡಿತವಾಗಿ ಬರಬಾರದ ಸ್ಯಾಂಪಲ್ಲೊಂದನ್ನೂ ಸಿದ್ಧಪಡಿಸಿಕೊಳ್ಳಬೇಕು.

ಬರಲೇಬೇಕಾದದ್ದಕ್ಕೆ ಜರ್ಕಾಟ್ ಅಥವಾ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳನ್ನು, ಅಪೊಪ್ಟೋಸಿಸ್ ಉಂಟುಮಾಡುವ 1 ಮೈಕ್ರೋಮೋಲಾರ್ ಸ್ಟೌರೋಸ್ಪೊರಿನ್‌ನಲ್ಲಿ 3ರಿಂದ 4 ಗಂಟೆ ಇಟ್ಟರೆ ಸಾಕು. ಈ ಕೋಶಗಳು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ದೊರೆಯುತ್ತವೆ. ಸ್ಟೌರೋಸ್ಪೊರಿನ್ ವಿಷವಾದ್ದರಿಂದ ಗ್ಲೌಸ್ ಇಲ್ಲದೆ ಮುಟ್ಟಬಾರದು. ಅದನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸುವುದರಿಂದ, ಅಷ್ಟೇ ಪ್ರಮಾಣದ ಡಿಎಂಎಸ್‌ಒ ಮಾತ್ರ ಹಾಕಿದ ಕೋಶಗಳೂ ಜೊತೆಗಿರಬೇಕು. ಗಿಡದ ಸಾರಕ್ಕೂ ಇದೇ ನಿಯಮ. ಸಾರವನ್ನು ಯಾವುದರಲ್ಲಿ ಕರಗಿಸಿದ್ದೀರೋ ಅದನ್ನಷ್ಟೇ ಪಡೆದ ಕೋಶಗಳ ಒಂದು ಲೇನ್ (ಜೆಲ್ಲಿನಲ್ಲಿ ಒಂದು ಸ್ಯಾಂಪಲ್ ಓಡುವ ಸಾಲು) ಇಲ್ಲದ ಬ್ಲಾಟ್ ಅರ್ಧ ಬ್ಲಾಟ್. ಕೈಯಲ್ಲಿ ಹಣವಿದ್ದರೆ ಜ಼ಡ್-ವ್ಯಾಡ್-ಎಫ್‌ಎಂಕೆ ಎಂಬ ಕ್ಯಾಸ್ಪೇಸ್ ತಡೆಕಾರಿಯನ್ನು 20 ಮೈಕ್ರೋಮೋಲಾರ್ ಪ್ರಮಾಣದಲ್ಲಿ ಒಂದು ಗಂಟೆ ಮೊದಲೇ ಕೊಟ್ಟು, ಆಮೇಲೆ ಸಾರ ಹಾಕಿದ ಸ್ಯಾಂಪಲ್ಲನ್ನೂ ಸೇರಿಸಿ. ಅಲ್ಲಿ ಪಟ್ಟಿ ಮಾಯವಾದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ಬರಬಾರದ ಸ್ಯಾಂಪಲ್ಲಿಗೆ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶವಿದೆ. ಅದರ ಕ್ಯಾಸ್ಪೇಸ್-3 ವಂಶವಾಹಿಯ ಮೂರನೆಯ ಎಕ್ಸಾನ್‌ನಲ್ಲಿ 47 ಬೇಸ್ ಜೋಡಿಗಳು ಬಿಟ್ಟುಹೋಗಿರುವುದರಿಂದ ಆ ಪ್ರೋಟೀನೇ ತಯಾರಾಗುವುದಿಲ್ಲ. ಈ ಸಂಗತಿ 1998ರಲ್ಲಿಯೇ ಪ್ರಕಟವಾಗಿದ್ದರೂ ನಮ್ಮಲ್ಲಿ ಒಬ್ಬಳು ವಿದ್ಯಾರ್ಥಿನಿ ಮೂರು ತಿಂಗಳು ಎಂಸಿಎಫ್-7ರಲ್ಲಿ ಸೀಳಿದ ಕ್ಯಾಸ್ಪೇಸ್-3 ಅನ್ನು ಹುಡುಕಿ, ಪ್ರತಿಕಾಯ ಸರಿಯಿಲ್ಲವೆಂದು ಡೀಲರಿಗೆ ದೂರು ಬರೆದಿದ್ದಳು. ತಪ್ಪು ಅವಳದಲ್ಲ. ವಿಷಯ ಕೊಟ್ಟು, ಕೋಶವನ್ನೂ ಒಪ್ಪಿಕೊಂಡವನು ನಾನು. ಅದೇ ಕೋಶದಲ್ಲಿ ಪಾರ್ಪ್ ಮಾತ್ರ ಕತ್ತರಿಸಿಹೋಗಿ 89ರ ತುಂಡಾಗಿತ್ತು, ಏಕೆಂದರೆ ಕ್ಯಾಸ್ಪೇಸ್-7 ಕೂಡ ಆ ಕೆಲಸ ಮಾಡಬಲ್ಲದು. ಅಂದಿನಿಂದ ಆ ಲೈಸೇಟನ್ನು (ಕೋಶಗಳನ್ನು ಒಡೆದು ತೆಗೆದ ದ್ರಾವಣವನ್ನು) ನಾವು ಎಸೆಯದೆ ಎಲ್ಲ ಬ್ಲಾಟ್‌ಗಳಲ್ಲಿಯೂ ‘ಬರಬಾರದ’ ಲೇನ್ ಆಗಿ ಬಳಸುತ್ತಿದ್ದೇವೆ.

ಸಮಯದ ಆಯ್ಕೆಯೂ ಮುಖ್ಯ. 24 ಗಂಟೆ ಎಂಬುದು ಅನುಕೂಲದ ಸಮಯವೇ ಹೊರತು ಕೋಶದ ಸಮಯವಲ್ಲ. ಮೊದಲ ಸಲ 3, 6, 12, 24 ಗಂಟೆಗಳ ಸ್ಯಾಂಪಲ್ ತೆಗೆದುಕೊಳ್ಳಿ. ಬೇಗ ಸಾಯುವ ಕೋಶಗಳು 24ನೆಯ ಗಂಟೆಗೆ ಒಡೆದು ಒಳಗಿನದ್ದನ್ನೆಲ್ಲ ಮಾಧ್ಯಮಕ್ಕೆ ಚೆಲ್ಲಿಬಿಟ್ಟಿರುತ್ತವೆ, ಆಗ ಪಟ್ಟಿ ಸಿಗುವುದಿಲ್ಲ.

ಕೋಶಗಳನ್ನು ಕೊಯ್ಯುವುದು

ಪ್ಲೇಟಿನ ಮಾಧ್ಯಮವನ್ನು ಅಭ್ಯಾಸಬಲದಿಂದ ಸಿಂಕಿಗೆ ಸುರಿಯಬೇಡಿ. ಸಾಯುತ್ತಿರುವ ಕೋಶ ತಳ ಬಿಟ್ಟು ತೇಲುತ್ತದೆ. ನೀವು ಹುಡುಕುತ್ತಿರುವ ಪ್ರೋಟೀನು ಇರುವುದು ಆ ತೇಲುವ ಕೋಶಗಳಲ್ಲಿಯೇ. ಮಾಧ್ಯಮವನ್ನು ಒಂದು ಟ್ಯೂಬಿಗೆ ಸಂಗ್ರಹಿಸಿ, ಉಳಿದ ಕೋಶಗಳನ್ನು ಟ್ರಿಪ್ಸಿನ್‌ನಿಂದ ಬಿಡಿಸಿ ಅದೇ ಟ್ಯೂಬಿಗೆ ಸೇರಿಸಿ, 300 ಜಿ ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ತಣ್ಣನೆಯ ಪಿಬಿಎಸ್ ಎಂಬ ಲವಣ ಬಫರಿನಲ್ಲಿ ಎರಡು ಸಲ ತೊಳೆಯಿರಿ. ಆಮೇಲೆ ಪ್ರೋಟಿಯೇಸ್ ತಡೆಕಾರಿ ಬೆರೆಸಿದ, ಕೋಶಗಳನ್ನು ಒಡೆಯುವ ರೈಪಾ ಬಫರಿನಲ್ಲಿ ಮಂಜುಗಡ್ಡೆಯ ಮೇಲೆ 20ರಿಂದ 30 ನಿಮಿಷ ಇಟ್ಟು, 4 ಡಿಗ್ರಿಯಲ್ಲಿ 14,000 ಜಿಯಲ್ಲಿ 15 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳಬೇಕು. ರೈಪಾದಲ್ಲಿರುವ ಡಿಟರ್ಜೆಂಟುಗಳು ಬ್ರಾಡ್‌ಫರ್ಡ್ ಪರೀಕ್ಷೆಯನ್ನು ದಾರಿ ತಪ್ಪಿಸುತ್ತವೆ, ಪ್ರೋಟೀನನ್ನು ಬಿಸಿಎ ವಿಧಾನದಲ್ಲಿ ಅಳೆಯಿರಿ. ಒಂದು ಲೇನಿಗೆ 30 ಮೈಕ್ರೋಗ್ರಾಂ ಹಾಕಿ ಆರಂಭಿಸಬಹುದು.

ಜೆಲ್ ಮತ್ತು ವರ್ಗಾವಣೆ

ಹುಡುಕುವುದು 17 ಕಿಲೋಡಾಲ್ಟನ್ ಆದ್ದರಿಂದ ಶೇಕಡ 15ರ ಜೆಲ್ ಬೇಕು. ಶೇಕಡ 10ರ ಜೆಲ್ಲಿನಲ್ಲಿ ಆ ತುಂಡು ನೀಲಿ ಬಣ್ಣದ ಗೆರೆಯ ಜೊತೆಗೇ ಓಡಿ, ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕೆಳಗಿನ ಬಫರಿಗೆ ಇಳಿದಿರುತ್ತದೆ. ಜೆಲ್ ಹಾಕುವಾಗ ಗ್ಲೌಸ್ ಇರಲಿ, ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ. ಏಪ್ರಿಲ್ ತಿಂಗಳಲ್ಲಿ ನಮ್ಮ ಕೋಣೆಯ ಉಷ್ಣತೆ 35 ಡಿಗ್ರಿ ಮುಟ್ಟಿದಾಗ ದ್ರಾವಣ ಬೀಕರಿನಲ್ಲಿಯೇ ಹೆಪ್ಪುಗಟ್ಟುವುದುಂಟು. ಅದನ್ನು ಮೊದಲು ಮಂಜುಗಡ್ಡೆಯಲ್ಲಿ ತಣಿಸಿ, ಆಮೇಲೆ ಜೆಲ್ಲನ್ನು ಗಟ್ಟಿಯಾಗಿಸುವ ಟೆಮೆಡ್ ಹಾಕಿ.

ಸಣ್ಣ ಪ್ರೋಟೀನು 0.45 ಮೈಕ್ರಾನ್ ರಂಧ್ರದ ಪೊರೆಯನ್ನು ದಾಟಿ ಆಚೆ ಹೋಗಿಬಿಡಬಲ್ಲದು. 0.2 ಮೈಕ್ರಾನಿನ ಪಿವಿಡಿಎಫ್ ಪೊರೆ ತರಿಸಿ, ಅದನ್ನು ಒಂದು ನಿಮಿಷ ಮೆಥನಾಲಿನಲ್ಲಿ ನೆನೆಸಿ ಬಳಸಿ. ವರ್ಗಾವಣೆ ಬಫರಿನಲ್ಲಿ ಶೇಕಡ 20ರಷ್ಟು ಮೆಥನಾಲ್ ಇದ್ದರೆ ಸಣ್ಣ ತುಂಡುಗಳು ಪೊರೆಗೆ ಚೆನ್ನಾಗಿ ಅಂಟುತ್ತವೆ. ತೊಟ್ಟಿಯ ಸುತ್ತ ಮಂಜುಗಡ್ಡೆ ಇಟ್ಟು 100 ವೋಲ್ಟಿನಲ್ಲಿ 60 ನಿಮಿಷ ಸಾಕು. ಮುಗಿದ ಮೇಲೆ ಪ್ರೋಟೀನಿಗೆ ಬಣ್ಣ ಹಿಡಿಸುವ ಪಾನ್ಸೋ ಕೆಂಪಿನಲ್ಲಿ ಅದ್ದಿ, ಎಲ್ಲ ಲೇನುಗಳಲ್ಲಿ ಪ್ರೋಟೀನು ಸಮನಾಗಿ ಕೂತಿದೆಯೇ ನೋಡಿ, ಆ ಪೊರೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಬಡ ಪ್ರಯೋಗಾಲಯದ ಒಂದು ಉಪಾಯವೆಂದರೆ ಪೊರೆಯನ್ನು ಮಾರ್ಕರ್ (ಗಾತ್ರ ಗೊತ್ತಿರುವ ಪ್ರೋಟೀನುಗಳ ಸಾಲು) ನೋಡಿಕೊಂಡು 70 ಮತ್ತು 40 ಕಿಲೋಡಾಲ್ಟನ್ನಿನ ಬಳಿ ಅಡ್ಡಲಾಗಿ ಕತ್ತರಿಸುವುದು. ಮೇಲಿನ ಹೋಳಿಗೆ ಪಾರ್ಪ್, ನಡುವಿನದಕ್ಕೆ ಹೋಲಿಕೆಗೆಂದು ಟ್ಯೂಬ್ಯುಲಿನ್, ಕೆಳಗಿನದಕ್ಕೆ ಕ್ಯಾಸ್ಪೇಸ್-3 ಪ್ರತಿಕಾಯ ಹಾಕಿದರೆ ಒಂದೇ ಜೆಲ್ಲಿನಲ್ಲಿ ಮೂರು ಉತ್ತರ ಸಿಗುತ್ತವೆ. ಇಡೀ ಪೊರೆಯ ಚಿತ್ರ ಕೇಳುವ ನಿಯತಕಾಲಿಕೆಗಳಿವೆ, ಆದ್ದರಿಂದ ಪ್ರಕಟಣೆಗೆಂದು ಇಟ್ಟುಕೊಂಡ ಒಂದು ಬ್ಲಾಟನ್ನಾದರೂ ಕತ್ತರಿಸದೆ ಮಾಡಿ. ಹೋಲಿಕೆಗೆ ಎಲ್ಲರೂ ಬಳಸುವ ಜಿಎಪಿಡಿಎಚ್ 37 ಕಿಲೋಡಾಲ್ಟನ್ನಿನದು. ಒಟ್ಟು ಕ್ಯಾಸ್ಪೇಸ್-3 ನೋಡುವಾಗ 35ರ ಪಟ್ಟಿಯ ಮೈಮೇಲೆಯೇ ಬಂದು ಕೂರುವ ಅದನ್ನು ಇಲ್ಲಿ ಬಿಡುವುದೇ ಲೇಸು.

ತಡೆ, ಪ್ರತಿಕಾಯ, ತೊಳೆತ

ಪೊರೆಯ ಖಾಲಿ ಜಾಗವನ್ನು ಮುಚ್ಚಲು ಟಿಬಿಎಸ್‌ಟಿ ಬಫರಿನಲ್ಲಿ ಕಲಸಿದ ಶೇಕಡ 5ರ ಕೆನೆರಹಿತ ಹಾಲಿನ ಪುಡಿ ಒಂದು ಗಂಟೆ ಸಾಕು. ಅಂಗಡಿಯಲ್ಲಿ ಕಾಫಿಗೆಂದು ಮಾರುವ ಡೇರಿ ವೈಟ್‌ನರ್ ಬೇರೆ ವಸ್ತು, ಅದರಲ್ಲಿ ಸಕ್ಕರೆಯೂ ಕೊಬ್ಬೂ ಇರುತ್ತವೆ. ಪೊಟ್ಟಣದ ಹಿಂಭಾಗ ಓದಿ ಕೊಳ್ಳಿ. ನೀರಿನ ವಿಚಾರದಲ್ಲಿಯೂ ಇಷ್ಟೇ ಎಚ್ಚರ ಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಕೊಳವೆಬಾವಿಯ ನೀರು ಗಡಸು, ಪಾವಗಡದ ಕಡೆ ಫ್ಲೋರೈಡ್ ಕೂಡ ಹೆಚ್ಚು. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ನೀರು ಕುಡಿಯಲು ಯೋಗ್ಯವೇ ಹೊರತು ಬಫರಿಗಲ್ಲ. ಎರಡು ಸಲ ಬಟ್ಟಿ ಇಳಿಸಿದ ನೀರಿಗಿಂತ ಕೆಳಗಿಳಿಯಬೇಡಿ.

ಪ್ರೈಮರಿ ಪ್ರತಿಕಾಯವನ್ನು (ಅಂದರೆ ಪ್ರೋಟೀನನ್ನು ಹಿಡಿಯುವ ಮೊದಲ ಪ್ರತಿಕಾಯವನ್ನು) ಶೇಕಡ 5ರ ಬಿಎಸ್‌ಎಯಲ್ಲಿ 1:1000ಕ್ಕೆ ತೆಳುಮಾಡಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ನಿಧಾನವಾಗಿ ಅಲುಗಾಡಿಸಬೇಕು. ಮಾಹಿತಿಪತ್ರ ಬೇರೆ ಪ್ರಮಾಣ ಹೇಳಿದರೆ ಅಲ್ಲಿಂದಲೇ ಶುರುಮಾಡಿ. ‘ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ’ ಎಂದು ಬರೆದವರ ಕೋಣೆ 20ರಿಂದ 25 ಡಿಗ್ರಿಯದು, ನಮ್ಮ ಬೇಸಿಗೆಯದಲ್ಲ. ಬೆಳಿಗ್ಗೆ ಟಿಬಿಎಸ್‌ಟಿಯಲ್ಲಿ ಹತ್ತು ಹತ್ತು ನಿಮಿಷ ಮೂರು ಸಲ ತೊಳೆದು, ಎಚ್‌ಆರ್‌ಪಿ ಎಂಬ ಕಿಣ್ವ ಜೋಡಿಸಿದ, ಮೊಲದ ಪ್ರತಿಕಾಯವನ್ನು ಹಿಡಿಯುವ ಸೆಕೆಂಡರಿಯನ್ನು 1:5000ರಲ್ಲಿ ಒಂದು ಗಂಟೆ ಹಾಕಿ, ಮತ್ತೆ ಮೂರು ಸಲ ತೊಳೆದು, ಆ ಕಿಣ್ವದ ಕೆಲಸದಿಂದ ಬೆಳಕು ಹೊಮ್ಮಿಸುವ ಇಸಿಎಲ್ ದ್ರಾವಣ ಹಾಕಿ ಚಿತ್ರ ತೆಗೆಯುವುದು. ಬಳಸಿದ ಪ್ರೈಮರಿಯನ್ನು ಶೇಕಡ 0.02ರ ಸೋಡಿಯಂ ಅಜೈಡ್ ಬೆರೆಸಿ ಫ್ರಿಜ್ಜಿನಲ್ಲಿಟ್ಟು ಎರಡು ವಾರದೊಳಗೆ ಎರಡು ಮೂರು ಸಲ ಬಳಸುವುದನ್ನು ನಾನು ಒಪ್ಪುತ್ತೇನೆ, ಪ್ರಕಟಣೆಯ ಬ್ಲಾಟ್‌ಗೆ ಮಾತ್ರ ಹೊಸದೇ ಬೇಕು. ಆದರೆ ಅಜೈಡ್ ಎಚ್‌ಆರ್‌ಪಿ ಕಿಣ್ವವನ್ನು ಕೆಡಿಸುವುದರಿಂದ ಸೆಕೆಂಡರಿಗೆ ಅದರ ಒಂದು ಹನಿಯೂ ಬೀಳಬಾರದು. ಒಂದು ಸಲ ಎರಡೂ ಬಾಟಲಿ ಅದಲುಬದಲಾಗಿ ಇಡೀ ಪೊರೆ ಖಾಲಿಯಾಗಿತ್ತು, ಮಾರ್ಕರಿನ ಹೊರತು ಏನೂ ಇರಲಿಲ್ಲ.

ಪಟ್ಟಿಯನ್ನು ಓದುವುದು

ಮೊದಲು ನೋಡಬೇಕಾದದ್ದು ನಿಮ್ಮ ಸಾರದ ಲೇನನ್ನಲ್ಲ. ಸ್ಟೌರೋಸ್ಪೊರಿನ್ ಲೇನಿನಲ್ಲಿ 17 ಮತ್ತು 19 ಇವೆಯೇ, ಎಂಸಿಎಫ್-7 ಲೇನಿನಲ್ಲಿ ಆ ಎತ್ತರ ಖಾಲಿಯೇ ಎಂದು ನೋಡಿ. ಎರಡೂ ಸರಿಯಿದ್ದರೆ ಮುಂದುವರಿಯಿರಿ, ಇಲ್ಲದಿದ್ದರೆ ಸಾರದ ಲೇನಿನಲ್ಲಿ ಏನೇ ಬಂದಿದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬರಲೇಬೇಕಾದ ಲೇನೂ ಖಾಲಿಯಾಗಿದ್ದರೆ ಪ್ರತಿಕಾಯವನ್ನು ಬಯ್ಯುವ ಮುನ್ನ ಪಾನ್ಸೋ ಚಿತ್ರ ನೋಡಿ, ಪೊರೆಯ ಆಚೆ ಬದಿಗೆ ಇನ್ನೊಂದು ಪೊರೆ ಇಟ್ಟು ತುಂಡು ದಾಟಿಹೋಗುತ್ತಿದೆಯೇ ಎಂದು ಪರೀಕ್ಷಿಸಿ. ಬ್ಯಾಕ್‌ಗ್ರೌಂಡ್ ಹೆಚ್ಚಿದ್ದರೆ ತೊಳೆತ ಹೆಚ್ಚಿಸಿ, ಸೆಕೆಂಡರಿಯನ್ನು ಇನ್ನಷ್ಟು ತೆಳುಮಾಡಿ.

ಎರಡು ಪಟ್ಟಿ ಬಂದದ್ದು ದೋಷವಲ್ಲ. ಕೋಶದಲ್ಲಿ ಎಕ್ಸ್‌ಐಎಪಿ ಎಂಬ ತಡೆ ಪ್ರೋಟೀನು ಹೆಚ್ಚಿದ್ದಾಗ ದೊಡ್ಡ ತುಂಡಿನ ಮುಂಭಾಗ ಕಳಚದೆ 19ರದ್ದೇ ದಟ್ಟವಾಗಿ ಉಳಿಯುವುದುಂಟು. ಚಿತ್ರವನ್ನು ಬೇರೆ ಬೇರೆ ಅವಧಿಗೆ ತೆಗೆದು, ಪಟ್ಟಿ ಪೂರ್ತಿ ಕಪ್ಪಾಗಿ ತುಂಬಿಹೋಗದ ಚಿತ್ರವನ್ನೇ ಇಮೇಜ್‌ಜೆ ತಂತ್ರಾಂಶದಲ್ಲಿ ಅಳೆಯಿರಿ. ಮೂರು ಸಲ ಎಂದರೆ ಮೂರು ಬೇರೆ ದಿನ ಬೆಳೆಸಿದ ಕೋಶಗಳು, ಒಂದೇ ಲೈಸೇಟಿನ ಮೂರು ಲೇನುಗಳಲ್ಲ.

ಇಷ್ಟಾದ ಮೇಲೂ ಬರೆಯಬಹುದಾದ ವಾಕ್ಯ ‘ಈ ಸಾರ ಕೊಟ್ಟಾಗ ಕ್ಯಾಸ್ಪೇಸ್-3 ಸೀಳಿಕೊಳ್ಳುತ್ತದೆ’ ಎಂಬಷ್ಟೇ. ಸೀಳಿದ ಕ್ಯಾಸ್ಪೇಸ್-3 ಸಾವಿಲ್ಲದೆಯೂ ಕೆಲಸ ಮಾಡುತ್ತದೆ, ಕೆಂಪು ರಕ್ತಕಣಗಳು ಬಲಿಯುವಾಗ ಅದರ ಪಾತ್ರವಿದೆ. ಇನ್ನು ಕೆಲವು ಕೋಶಗಳಲ್ಲಿ ಅದು ಗ್ಯಾಸ್ಡರ್ಮಿನ್-ಇ ಎಂಬ ಪ್ರೋಟೀನನ್ನು ಕತ್ತರಿಸಿ ಪೊರೆಯಲ್ಲಿ ರಂಧ್ರ ಮಾಡುತ್ತದೆ, ಆಗ ಕೋಶ ಅಪೊಪ್ಟೋಸಿಸ್‌ನಂತೆ ಕುಗ್ಗದೆ ಊದಿ ಒಡೆಯುತ್ತದೆ ಎಂದು 2017ರಲ್ಲಿ ತಿಳಿಯಿತು. ಆದ್ದರಿಂದ ಪಾರ್ಪ್ ಪಟ್ಟಿಯ ಜೊತೆಗೆ, ಸಾಯುತ್ತಿರುವ ಕೋಶದ ಹೊರಮೈಗೆ ಹೊಳೆಯುವ ಬಣ್ಣ ಅಂಟಿಸುವ ಅನೆಕ್ಸಿನ್-ವಿ ಪರೀಕ್ಷೆಯನ್ನಾದರೂ ಮಾಡಿ. ಆ ಬಣ್ಣದ ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೀಟರ್ ಇಲ್ಲದವರು ಅದೇ ಬಣ್ಣವನ್ನು ಫ್ಲೋರೊಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಬಹುದು.

ಕೊನೆಗೊಂದು ಲೆಕ್ಕದ ಕೆಲಸ ಉಳಿಯುತ್ತದೆ. ಮೊದಲ ಸಲ ಚೆನ್ನಾಗಿ ಬಂದ ಸ್ಟೌರೋಸ್ಪೊರಿನ್ ಲೈಸೇಟನ್ನು ಹತ್ತಿಪ್ಪತ್ತು ಟ್ಯೂಬುಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಸೀಸೆ ತಳ ಕಾಣುವ ಮೊದಲೇ ಹೊಸದಕ್ಕೆ ಬೇಡಿಕೆ ಕಳಿಸಿ, ಹೊಸ ಲಾಟ್ ಬಂದ ದಿನ ಆ ಲೈಸೇಟನ್ನು ಒಂದೇ ಜೆಲ್ಲಿನ ಎರಡು ಬದಿಗೆ ಹಾಕಿ, ಪೊರೆಯನ್ನು ಉದ್ದಕ್ಕೆ ಸೀಳಿ, ಒಂದಕ್ಕೆ ಹಳೆಯದನ್ನೂ ಇನ್ನೊಂದಕ್ಕೆ ಹೊಸದನ್ನೂ ಹಾಕಿ ನೋಡಿ. ಎರಡು ಚಿತ್ರಗಳನ್ನೂ ಲಾಟ್ ಸಂಖ್ಯೆಯ ಪಕ್ಕದಲ್ಲಿಯೇ ಅಂಟಿಸಿಡಿ.